ಪ್ರಮಾಣವಚನದಿಂದ ಕಾಣೆಯಾದ ಓರೆಗೆರೆ

ಉಪನಗರ ನೈರ್ಮಲ್ಯ ಮಂಡಳಿಯ ಸಿಬ್ಬಂದಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಸುಂದ್ರವ್ವ ದೇಶದ್ರೋಹಿಯಲ್ಲ. ಆಕೆ ತನ್ನ ಗಂಡನ ಹೆಸರು ಹೇಳುವುದಿಲ್ಲ, ಅಷ್ಟೇ. ಈ ಎರಡರ ವ್ಯತ್ಯಾಸ ತಿಳಿಯದೆ ತಾವು ಈ ತಿಂಗಳ ಮೊದಲ ಮಂಗಳವಾರ ಆಕೆಯ ಕಡತದ ಮೇಲೆ ‘ದೇಶನಿಷ್ಠೆಯ ಪ್ರಮಾಣ ಸ್ವೀಕರಿಸಲು ನಿರಾಕರಣೆ’ ಎಂದು ಕೆಂಪು ಶಾಯಿಯಲ್ಲಿ ಬರೆದಿರಿ. ಮೂವತ್ತನೇ ತಾರೀಖಿನೊಳಗೆ ಪ್ರಮಾಣ ಆಗದಿದ್ದರೆ ಅವಳ ಕಸ ಗುಡಿಸುವ ನೌಕರಿ ರದ್ದು. ತಮಗೆ ಖಾಸಗಿಯಾಗಿ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಈಗ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಆ ದಿನ ಸಭಾಂಗಣದ ಹಿಂದಿನ ಸಾಲಿನಲ್ಲಿ ಎದ್ದು ನಿಂತು ‘ಒಂದು ನಿಮಿಷ ಸರ್’ ಎಂದಾಗ ತಾವು ‘ಆಂಟೀ, ಬೈಠ್ ಜಾಯಿಯೇ’ ಎಂದು ಕೂರಿಸಿದಿರಲ್ಲ, ಆ ಆಂಟಿ. ಈ ಶಹರದ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು. ಪ್ರತಿ ಬೆಳಿಗ್ಗೆ ಮಕ್ಕಳ ಬಾಯಲ್ಲಿ ದೇಶದ ಪ್ರತಿಜ್ಞೆ ಹೇಳಿಸಿದವಳು. ಆ ಪ್ರತಿಜ್ಞೆಯಲ್ಲಿ ಒಬ್ಬ ದೇವರ ಹೆಸರೂ ಇಲ್ಲ, ಗಮನಿಸಿದ್ದೀರಾ? ಅದರಿಂದ ಯಾವ ಮಗುವಿನ ದೇಶಪ್ರೇಮ ಎಷ್ಟು ಗ್ರಾಂ ಕಡಿಮೆಯಾಯಿತು? ಹಾಗೆಂದು ನಾನು ನಾಸ್ತಿಕಳೆಂದು ಇನ್ನೊಂದು ಕಡತ ತೆರೆಯಬೇಡಿ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪೂಜೆಯ ಘಂಟೆ ಬಾರಿಸುವವಳು ನಾನೇ. ಮೇಲಿನ ಮನೆಯವರು ಅದಕ್ಕೆ ದೂರು ಕೊಟ್ಟದ್ದೂ ಇದೆ.

ಸುಂದ್ರವ್ವ ಆಳಂದದ ಕಡೆಯವಳು, ಕುರ್ಲಾದ ಚಾಳಿನಲ್ಲಿ ವಾಸ. ಅವಳ ಮಗಳು ಸೋನಾಲಿ ನನ್ನ ವಿದ್ಯಾರ್ಥಿನಿ. ಗಂಡ ನಿಮ್ಮ ಮಂಡಳಿಯ ಕೆಲಸಗಾರನಾಗಿದ್ದ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಶುಚಿ ಮಾಡಲು ಕೊಳಚೆ ನಾಲೆಯೊಳಗೆ ಇಳಿದವನು ಉಸಿರುಗಟ್ಟಿ ಸತ್ತ. ಅವನ ಬದಲಿಗೆ ಅನುಕಂಪದ ನೌಕರಿ ಸಿಗಲು ಅವಳು ಎರಡು ವರ್ಷ ನಿಮ್ಮ ಮೆಟ್ಟಿಲು ಹತ್ತಿ ಇಳಿದಳು. ಕೊನೆಗೂ ಆದೇಶ ಬಂತು, ಪ್ರಮಾಣವಚನವೊಂದು ಬಾಕಿ. ಓದಲು ಬಾರದವಳು, ಜೊತೆಗೆ ಬನ್ನಿ ಎಂದು ನನ್ನನ್ನು ಕರೆದಳು.

ತಮ್ಮ ಗುಮಾಸ್ತರು ಮರಾಠಿಯಲ್ಲಿ ಒಂದೊಂದೇ ತುಂಡು ಹೇಳಿಕೊಟ್ಟರು, ನಲವತ್ತು ಮಂದಿ ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೇಳಿದರು. ‘ಈಶ್ವರಸಾಕ್ಷ ಶಪಥ ಘೇತೆ’, ಅಂದರೆ ಈಶ್ವರನ ಸಾಕ್ಷಿಯಾಗಿ ಪ್ರಮಾಣ ಮಾಡುತ್ತೇನೆ. ಸುಂದ್ರವ್ವನ ಸರದಿ ಬಂತು. ಬಾಯಿ ತೆರೆದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಯಾಕೆಂದರೆ, ಸ್ವಾಮಿ, ಅವಳ ಗಂಡನ ಹೆಸರು ಈಶ್ವರ.

‘ಶಿವಪ್ಪನ ಸಾಕ್ಷಿ ಅಂತೀನ್ರಿ, ನಡೀತದೇನ್ರಿ?’ ಎಂದು ಅವಳು ಕೇಳಿದಳು. ನಾನು ಹಿಂದಿನಿಂದ ಹಿಂದಿಯಲ್ಲಿ ತಿಳಿಸಿದೆ. ತಾವು ಏನೆಂದಿರಿ? ‘ಜೋ ಲಿಖಾ ಹೈ ವಹೀ ಬೋಲೋ.’ ಬರೆದದ್ದನ್ನೇ ಹೇಳಬೇಕಂತೆ. ಶಿವನಾದರೆ ಆಗದು, ಈಶ್ವರನೇ ಆಗಬೇಕು! ಅಂದರೆ ತಮಗೆ ಬೇಕಾಗಿದ್ದದ್ದು ದೇವರೂ ಅಲ್ಲ, ಕಾಗದದ ಮೇಲಿನ ಮೂರು ಅಕ್ಷರ. ಗುಮಾಸ್ತರಿಗೆ ಸಂಗತಿ ಹೊಳೆದು, ‘ಬಾಯಿ, ಮಗ ಉಖಾಣಾ ಘ್ಯಾ ನಾ!’ ಎಂದರು. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಮದುವೆಮನೆಯಲ್ಲಿ ಹೇಳುತ್ತಾರಲ್ಲ, ನಮ್ಮ ಕಡೆ ಒಡಪು ಎನ್ನುತ್ತೇವೆ, ಹಾಗಾದರೆ ಅದನ್ನು ಹೇಳಮ್ಮ ಎಂದು. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ವಿಧವೆಯೊಬ್ಬಳು ಮೈಕಿನ ಮುಂದೆ ನಿಂತಿದ್ದಳು, ತಾವೂ ನಕ್ಕಿರಿ. ಆಮೇಲೆ ನಗು ನಿಲ್ಲಿಸಿ ಕೇಳಿದಿರಿ: ‘ಭಗವಾನ್ ಕಾ ನಾಮ್ ಲೇನೇ ಮೇ ಕ್ಯಾ ತಕಲೀಫ್ ಹೈ? ಧರಮ್ ಕೌನ್ಸಾ ಹೈ ತುಮ್ಹಾರಾ?’ ದೇವರ ಹೆಸರು ಹೇಳಲು ಏನು ಕಷ್ಟ, ನಿನ್ನ ಧರ್ಮ ಯಾವುದು ಎಂದು. ಛೆ! ಕಸಬರಿಗೆ ಹಿಡಿಯಲು ಬಂದವಳ ಧರ್ಮ ಕಟ್ಟಿಕೊಂಡು ತಮಗೇನಾಗಬೇಕಿತ್ತು?

ಅದೇ ದಿನ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಹಿತೇಶ್, ಬೊರಿವಲಿಯವನು, ಇಬ್ಬರು ಮಕ್ಕಳ ತಂದೆ, ಡ್ರೈವರ್ ಕೆಲಸಕ್ಕೆ ಪ್ರಮಾಣ ಮಾಡಿ ಹೊರಗೆ ಬಂದ. ‘ಟೀಚರ್, ನಂಗೆ ದೇವ್ರು ಗೀವ್ರು ಬಿಲೀವೇ ಇಲ್ಲ. ಪರ್ ಬೋಲ್ನೇ ಮೇ ಕ್ಯಾ ಜಾತಾ ಹೈ?’ ಎಂದ, ಹೇಳಿದರೆ ಗಂಟೇನು ಹೋಗುತ್ತದೆ ಎಂಬಂತೆ. ಅವನಿಗೆ ನೌಕರಿ ಆಯಿತು, ಆಗಲಿ, ಒಳ್ಳೆಯ ಹುಡುಗ. ಆದರೆ ತಾವು ಏನನ್ನು ಪರೀಕ್ಷೆ ಮಾಡಿದಂತಾಯಿತು? ನಂಬದವನು ಹೇಳಿ ಪಾಸಾದ. ನಂಬುವವಳು ಒಂದು ಹೆಸರಿಗೆ ಅಷ್ಟು ಬೆಲೆ ಕೊಟ್ಟು ಫೇಲಾದಳು. ಆಣೆ ಎಂದರೆ ಬಾಯಿ ಮುಕ್ಕಳಿಸುವುದು ಎಂದುಕೊಂಡವರಿಗೆ ಮಾತ್ರ ನಿಮ್ಮಲ್ಲಿ ಕೆಲಸವೇ?

ಇನ್ನು ಓರೆಗೆರೆಯ ವಿಷಯ. ಸುಂದ್ರವ್ವ ಗಂಡನ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾಳೆ. ಅವನು ಸೇವೆಗೆ ಸೇರಿದ ದಿನದ ಪ್ರತಿಜ್ಞಾಪತ್ರದ ನಕಲೂ ಅದರಲ್ಲಿದೆ. ಅದರಲ್ಲಿ ‘ಈಶ್ವರಸಾಕ್ಷ ಶಪಥ ಘೇತೊ’ ಎಂಬುದರ ಪಕ್ಕ ಒಂದು ಓರೆಗೆರೆ, ಅದರಾಚೆಗೆ ‘ಗಾಂಭೀರ್ಯದಿಂದ ದೃಢೀಕರಿಸುತ್ತೇನೆ’ ಎಂಬ ಇನ್ನೊಂದು ದಾರಿ. ಬೇಡದ್ದನ್ನು ಹೊಡೆದುಹಾಕಿ ಎಂಬ ಸೂಚನೆ ಬೇರೆ. ಅವನು ಮೊದಲನೆಯದನ್ನು ಹೊಡೆದುಹಾಕಿದ್ದ. ‘ನನ್ನ ಸಾಕ್ಷಿ ನಾನೇ ಹ್ಯಾಂಗ ಹೇಳ್ಲಿ ಅಂತ ಅವತ್ತ ಭಾಳ ನಕ್ಕಿದ್ರು ನೋಡ್ರಿ’ ಎಂದು ಸುಂದ್ರವ್ವ ಹೇಳಿದಳು. ಈ ವರ್ಷದ ಹೊಸ ಫಾರ್ಮಿನಲ್ಲಿ ಓರೆಗೆರೆ ಇಲ್ಲ, ಅದರಾಚೆಯ ಮಾತೂ ಇಲ್ಲ. ಯಾರು ಅಳಿಸಿದರು? ಯಾವ ಆದೇಶದ ಮೇಲೆ? ನಮ್ಮ ಸಂವಿಧಾನ ಮಂತ್ರಿಗೂ ನ್ಯಾಯಾಧೀಶರಿಗೂ ಎರಡು ದಾರಿ ಇಟ್ಟಿದೆ: ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಅಥವಾ ಸುಮ್ಮನೆ ದೃಢೀಕರಿಸಬಹುದು. ಕಸ ಗುಡಿಸುವವಳಿಗೆ ಮಾತ್ರ ಒಂದೇ ದಾರಿಯೇ? ದೇವಸ್ಥಾನಕ್ಕೂ ಸರ್ಕಾರಿ ಕಛೇರಿಗೂ ನಡುವೆ ಒಂದು ಗೋಡೆ ಇರಬೇಕೆಂದು ನಾನು ಮಕ್ಕಳಿಗೆ ಪೌರನೀತಿಯಲ್ಲಿ ಕಲಿಸಿದ್ದೆ. ನಿಮ್ಮ ಕಾಗದದ ಮೇಲೆ ಆ ಗೋಡೆ ಒಂದು ಓರೆಗೆರೆಯಷ್ಟಿತ್ತು, ಅದನ್ನೂ ಉಳಿಸಲಿಲ್ಲ.

ಇಂಥ ಮೂಢನಂಬಿಕೆಗೆ ಸರ್ಕಾರ ತಲೆಬಾಗಬೇಕೇ ಎಂದು ತಾವು ಕೇಳಬಹುದು. ಈ ಪದ್ಧತಿ ನನಗೂ ಹಿಡಿಸದು. ನನ್ನ ಗಂಡನನ್ನು ಮದುವೆಯ ಮರುದಿನದಿಂದಲೇ ಅಣ್ಣು ಎಂದು ಹೆಸರು ಹಿಡಿದು ಕರೆದವಳು ನಾನು, ಬೈಯುವಾಗ ಇನ್ನೂ ಜೋರಾಗಿ. ಆದರೆ ಅವಳ ನಂಬಿಕೆ ಮೂಢ, ನಿಮ್ಮ ಫಾರ್ಮಿನ ನಂಬಿಕೆ ದೇಶಪ್ರೇಮ ಎಂದು ತೀರ್ಮಾನಿಸಿದವರು ಯಾರು? ಇವತ್ತು ಸಿಕ್ಕಿಬಿದ್ದವಳು ಸುಂದ್ರವ್ವ. ನಾಳೆ ಬೇರೆ ದೇವರವನು ಬರುತ್ತಾನೆ, ದೇವರೇ ಇಲ್ಲದವನು ಬರುತ್ತಾನೆ. ಎಲ್ಲರನ್ನೂ ಮೈಕಿನ ಮುಂದೆ ನಿಲ್ಲಿಸಿ ನಗುತ್ತೀರಾ?

ಮೊನ್ನೆ ಭಾನುವಾರ ತಾಯಿ ಮಗಳು ನನ್ನ ಮನೆಗೆ ಬಂದಿದ್ದರು. ‘ಮಮ್ಮೀ, ಏಕ್ ಬಾರ್ ಬೋಲ್ ದೇ ನಾ, ಪ್ಲೀಸ್’, ಒಂದೇ ಒಂದು ಸಲ ಹೇಳಿಬಿಡು ಎಂದು ಸೋನಾಲಿ ಅತ್ತಳು. ನೌಕರಿ ಹೋದರೆ ಮೊದಲು ನಿಲ್ಲುವುದು ಆ ಹುಡುಗಿಯ ಓದು. ಸುಂದ್ರವ್ವ ನನ್ನ ಕಡೆ ತಿರುಗಿದಳು. ‘ಟೀಚರ್, ಹದಿನೆಂಟು ವರ್ಷ ಸಂಸಾರ ಮಾಡೀನ್ರಿ. ಒಂದಿನಾನೂ ಹೆಸರ ಹಿಡದ ಕರದಿಲ್ಲ. ಈಗ ಕರದ್ರ ಎದ್ದು ಬರ್ತಾರೇನ್ರಿ?’ ಅಲ್ಲೇ ನನ್ನ ಎದುರಿಗೇ ಅಭ್ಯಾಸ ಮಾಡಲು ನೋಡಿದಳು. ಮೊದಲ ಅಕ್ಷರಕ್ಕೇ ಸೆರಗು ಮತ್ತೆ ಬಾಯಿಗೆ ಹೋಯಿತು.

ಆದ್ದರಿಂದ ಕೇಳುತ್ತೇನೆ. ಫಾರ್ಮಿಗೆ ಆ ಓರೆಗೆರೆಯನ್ನೂ ಅದರಾಚೆಯ ಮಾತನ್ನೂ ವಾಪಸು ತನ್ನಿ. ಕಡತದ ಕೆಂಪು ಶಾಯಿಯ ಬರಹವನ್ನು ಹೊಡೆದುಹಾಕಿ. ಮೂವತ್ತನೇ ತಾರೀಖಿನೊಳಗೆ ಸುಂದ್ರವ್ವನಿಂದ ದೃಢೀಕರಣ ಪಡೆದು ಅವಳ ಕೈಗೆ ಹಾಜರಿ ಕಾರ್ಡು ಕೊಡಿ.

ಆಗದು, ಈಶ್ವರನೇ ಸಾಕ್ಷಿಯಾಗಬೇಕು ಎನ್ನುತ್ತೀರಾ? ಸರಿ. ಮಗಳಿಗಾಗಿ ಹೇಳುತ್ತೇನೆ ಎಂದಿದ್ದಾಳೆ ಅವಳು. ಹೇಳುವ ದಿನ ನಾನೂ ಬರುತ್ತೇನೆ, ಈ ಸಲ ಕುಳಿತುಕೊಳ್ಳುವುದಿಲ್ಲ. ಆದರೆ ಅವಳು ಕರೆಯುವ ಈಶ್ವರ ಯಾರೆಂದು ತಮಗೆ ಈಗ ಗೊತ್ತು. ನಿಮ್ಮ ನಾಲೆಯೊಳಗೆ ಮಾಸ್ಕಿಲ್ಲದೆ, ಹಗ್ಗವಿಲ್ಲದೆ ಇಳಿದವನು. ‘ಸ್ವಂತ ನಿರ್ಲಕ್ಷ್ಯದಿಂದ ಸಾವು’ ಎಂದು ನೀವು ವರದಿ ಬರೆದವನು. ಆ ವರದಿಗೆ ಅಂದು ಯಾವ ಸಾಕ್ಷಿಯನ್ನೂ ತಾವು ಕರೆದಿರಲಿಲ್ಲ. ಈಗ ಕರೆಯುತ್ತಿದ್ದೀರಿ. ಅವನು ಬಂದು ಸಾಕ್ಷಿ ಹೇಳಿದರೆ ಬರೆದುಕೊಳ್ಳಲು ಅದೇ ಕೆಂಪು ಶಾಯಿ ತೆಗೆದಿಟ್ಟಿರಿ.

ಇಂತಿ,
ಗಂಡನ ಹೆಸರನ್ನು ಧಾರಾಳವಾಗಿ ಕೂಗುವ, ಮುಖ್ಯಾಧಿಕಾರಿಗಳಾದ ತಮ್ಮ ಹೆಸರನ್ನು ಮಾತ್ರ ಬೇಕೆಂದೇ ಬರೆಯದೆ ಬಿಟ್ಟ,
ನೀಲಾವತಿ ಟೀಚರ್
ಚೆಂಬೂರು, ಮುಂಬಯಿ