ಮೂರನೆಯ ಹಾಡಿನ ಸಾಹಿತ್ಯ

ಅಪ್ಪನವರಿಗೆ ನಮಸ್ಕಾರ.

ನೀವು ನನ್ನೊಡನೆ ಮಾತು ಬಿಟ್ಟು ಒಂಬತ್ತು ದಿನವಾಯಿತು. ಅದಕ್ಕೇ ಪಕ್ಕದ ಕೋಣೆಯಿಂದ ಈ ಪತ್ರ.

ನನ್ನ ಹಿಪ್‌ಹಾಪ್ ಆಲ್ಬಮ್ಮಿನಲ್ಲಿ ಭಕ್ತಿಯೂ ಇಲ್ಲ, ತಲೆಬುಡವೂ ಇಲ್ಲ ಎಂದು ಭಾನುವಾರ ಚರ್ಚಿನಲ್ಲಿ ಮಾಡಿದ ಉಪದೇಶ ಪ್ರಸಂಗದಲ್ಲಿ ಹೇಳಿದಿರಿ. "ಮೂರನೆಯ ಹಾಡು ಬರೆದವನು ಬೈಬಲ್ ತೆರೆದೇ ನೋಡಿಲ್ಲ" ಎಂದಿರಿ. ಮೈಕಿನ ಉಸ್ತುವಾರಿಗೆ ಕೂತಿದ್ದ ನಾನು ಅಲ್ಲಿ ನಿಮ್ಮ ಧ್ವನಿಯನ್ನು ಸ್ವಲ್ಪ ತಗ್ಗಿಸಿದೆ. ಕ್ಷಮಿಸಿ.

ಆ ಹಾಡಿನ ಮಾತುಗಳು ನಿಮ್ಮವೇ. ಯೋನನನ್ನು ಮೀನು ನುಂಗಿದ ಕಥೆಯ ಮೇಲೆ ನೀವು ಹಿಂದೆ ಮಾಡಿದ ಪ್ರಸಂಗವನ್ನು ಒಂದಕ್ಷರವೂ ಬದಲಿಸದೆ ತಾಳಕ್ಕೆ ಕೂರಿಸಿದ್ದೆ. ಹೇಳದೆ ಬಳಸಿದ್ದು ತಪ್ಪು. ನಾನು ಹಾಡಿದ ವೇಗಕ್ಕೆ ನಿಮಗೆ ಗುರುತು ಸಿಗಲಿಲ್ಲವೇನೋ. ನಿಮ್ಮ ಕೈಬರಹದ ಹಾಳೆಗಳನ್ನು ಜೊತೆಗಿಟ್ಟಿದ್ದೇನೆ.

ಪತ್ರಿಕೆಯ ವಿಮರ್ಶಕರು ಅದೊಂದೇ ಹಾಡನ್ನು ಮೆಚ್ಚಿದ್ದಾರೆ. ಉಳಿದವು, ಅಂದರೆ ನಾನು ಬರೆದವು, ಸಪ್ಪೆಯಂತೆ. ಅದನ್ನು ಓದಿದ ಅಮ್ಮ, "ಅಂತೂ ನಿಮ್ಮಪ್ಪನ ಪ್ರಸಂಗವನ್ನ ನಿದ್ದೆ ಮಾಡದೆ ಕೇಳೋನು ಒಬ್ಬ ಸಿಕ್ಕಿದ" ಅಂದಳು.

ಶನಿವಾರದ ನನ್ನ ಹಾಡಿನ ಕಾರ್ಯಕ್ರಮಕ್ಕೆ ನೀವು ಕೊಡುವುದಿಲ್ಲವೆಂದ ಚರ್ಚಿನ ಸಭಾಂಗಣ ಬಿಟ್ಟರೆ ನನಗೆ ಬೇರೆ ಜಾಗವಿಲ್ಲ. ಆಡಿದ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕಿಲ್ಲ. ಸಭಾಂಗಣದ ಬೀಗದ ಕೈಯನ್ನು ಊಟದ ಮೇಜಿನ ಮೇಲಿಟ್ಟರೆ ಸಾಕು. ಸಾಹಿತ್ಯ ಯಾರದೆಂದು ನಾನು ಯಾರಿಗೂ ಹೇಳುವುದಿಲ್ಲ. ಅಮ್ಮನ ಬಾಯಿಗೆ ಮಾತ್ರ ನಾನು ಹೊಣೆಯಲ್ಲ.

ಇಂತಿ,
ನಿಮ್ಮ ವಿಧೇಯ ಮಗ