ಅಪ್ಪ ಸ್ನೇಹಲ್‌ಗೆ ಹೇಳಿಕೊಟ್ಟದ್ದು

ಜುಲೈ 12, ಶನಿವಾರ

ಸಾರಿ, ಸೋಮವಾರ ಟೆಸ್ಟ್ ಇದೆ, ಓದುವುದು ಬಿಟ್ಟು ಇದನ್ನು ಬರೆಯುತ್ತ ಕೂತಿದ್ದೇನೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಇವತ್ತು ನಮ್ಮ ಬಾಟನಿ ಕ್ಲಾಸನ್ನು ಕುಂಡಯಿ ಊರಿನ ಹತ್ತಿರದ ಹೊಳೆಗೆ ಕರೆದೊಯ್ದಿದ್ದರು. ಕುಸಿದ ದಂಡೆಯುದ್ದಕ್ಕೂ ಮರದ ಹಸಿ ಕೋಲು ನೆಡಬೇಕಿತ್ತು. ಅವು ಬೇರು ಬಿಟ್ಟರೆ ಮಣ್ಣು ನಿಲ್ಲುತ್ತದೆ, ನೀರುನಾಯಿಗಳು ಮರಳಿ ಬರುತ್ತವೆ, ಕೆಳಗಿನ ಗದ್ದೆಯವರಿಗೆ ತಿಳಿನೀರು ಸಿಗುತ್ತದೆ. ನೆಡುವುದನ್ನು ತೋರಿಸಲು ನಿಂತಿದ್ದ ಕೂಲಿಯಾಳು ನನ್ನ ಅಪ್ಪ. ನಾನು ಯಾರಿಗೂ ಹೇಳಲಿಲ್ಲ. ನನ್ನ ಮುಖ ನೋಡಿ ಅಪ್ಪನೂ ಗುರುತಿಲ್ಲದವನಂತೆ ಕೋಲು ಹಂಚತೊಡಗಿದ.

ನನ್ನ ರೂಮ್‌ಮೇಟ್ ಸ್ನೇಹಲ್, ಬೆಳಗಾವಿ ಅಂಗಡಿಯವರ ಮಗಳು, ಅಪ್ಪನ ಬೆನ್ನು ಬಿಡಲಿಲ್ಲ. "ಕಾಕಾ, ನಂದು ಬರೋಬರಿ ಅದ ಏನ್ರಿ?"

"ತಲಿ ಕೆಳಗ ಮಾಡಿ ನಟ್ಟೀಯಲ್ಲ, ಹುಚ್ಚವ್ವಾ! ಕಣ್ಣು ಮ್ಯಾಲ ಇರಬೇಕು, ಅಲ್ಲಿಂದನ ಚಿಗುರು ಬರೂದು."

ಇಬ್ಬರೂ ನಕ್ಕರು. ಹುಚ್ಚವ್ವ ಅಂತ ಅವನು ಕರೆಯುವುದು ನನ್ನನ್ನು. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿದ್ದವಳಿಗೆ ರಜೆಗೊಮ್ಮೆ ಮಾತ್ರ ಸಿಗುತ್ತಿದ್ದ ಹೆಸರು ಅದು.

ನನ್ನ ಕೋಲೂ ತಲೆಕೆಳಗಾಗಿತ್ತು. "ಮೇಡಂ, ತಿರುವಿ ಹಚ್ಚರಿ," ಎಂದ ಅಪ್ಪ, ನೆಲ ನೋಡುತ್ತ.

ಬಸ್ಸಿನಲ್ಲಿ ಸ್ನೇಹಲ್, "ಎಷ್ಟ ಚಲೋ ಕಾಕಾ ಅಲ್ಲಾ?" ಎಂದಳು. ಅವಳನ್ನು ಸೀಟಿನಿಂದ ನೂಕಬೇಕೆನ್ನಿಸಿತು. ನಾನು ಬಿಟ್ಟುಕೊಟ್ಟದ್ದನ್ನೇ ಅವಳು ತೆಗೆದುಕೊಂಡಳು, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ಅಪ್ಪನಿಗೆ ಕಳಿಸುವ ಮೆಸೇಜನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ:

ಅಪ್ಪಾ, ಬರೂ ಶನಿವಾರ ಮತ್ತ ಬರತೀವಿ. ಎಲ್ಲಾರ ಮುಂದ ನಿನ್ನ ಅಪ್ಪಾ ಅಂತ ಕರದ್ರ ಓ ಅಂತೀ ಏನು? ಲಗೂನ ಹೇಳು.