ಎರಡನೆಯ ಸದ್ದು

೧೧ ಮಾರ್ಚ್, ಮಂಗಳವಾರ

ಅಕ್ಕಾ,

ಹೇಗಿದ್ದೀ? ಕೈಬರಹ ನೋಡಿ, ಯಾರಪ್ಪಾ ಇದು ಅಂತ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿರುತ್ತೀಯ. ನಾನೇ. ಮೂರು ವರ್ಷದ ಹಿಂದೆ ನೀನು ಬರೆದ ಕಾಗದಕ್ಕೆ ಇದು ಉತ್ತರ. ತಡವಾಯಿತು, ಕ್ಷಮಿಸು ಅನ್ನುವುದಕ್ಕೂ ತಡವಾಗಿರುವುದರಿಂದ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಹವಾಮಾನ ವರದಿ ಓದುವವರ ಹಾಗೆ ಮಾತಾಡುತ್ತೇವೆ. ಹದಿನೇಳು ವರ್ಷದಿಂದ ನೀನು ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಯಾಕೆ ಅಂತ ಇಬ್ಬರಿಗೂ ಗೊತ್ತು.

ಸುದ್ದಿ ಇಷ್ಟು. ಈ ಶುಕ್ರವಾರ ನನ್ನ ಗರ್ಭಕೋಶ ತೆಗೆಯುತ್ತಾರೆ. ಒಳಗೆ ಗೆಡ್ಡೆಗಳಿವೆ, ದೊಡ್ಡದು ಕಿತ್ತಳೆ ಹಣ್ಣಿನಷ್ಟು. ಕಳೆದ ವರ್ಷದಿಂದ ತಿಂಗಳಲ್ಲಿ ಹದಿನೆಂಟು ದಿನ ಮುಟ್ಟು. ಎದೆಯ ಲೋಹದ ಕವಾಟಕ್ಕೆಂದು ಇಪ್ಪತ್ತೊಂದು ವರ್ಷದಿಂದ ನುಂಗುತ್ತಿದ್ದೇನಲ್ಲ, ರಕ್ತ ತೆಳುವಾಗಿಸುವ ಮಾತ್ರೆ, ಅದಿರುವಾಗ ಹರಿಯುವುದು ತಾನಾಗಿ ನಿಲ್ಲುವ ಮಾತೇ ಇಲ್ಲ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮಾತ್ರೆ ನುಂಗಿಕೊಂಡೇ ಹೋದರೆ ಆಪರೇಷನ್ ಟೇಬಲ್ಲಿನ ಮೇಲೆ ರಕ್ತ ನಿಲ್ಲುವುದಿಲ್ಲ. ಬಿಟ್ಟು ಹೋದರೆ ಕವಾಟದ ಮೇಲೆ ಹೆಪ್ಪುಗಟ್ಟಿ ನಾನೇ ಉಳಿಯುವುದಿಲ್ಲ. ಡಾಕ್ಟರಮ್ಮನ ಎದುರು ಕೂತು ಎರಡು ಸಾಲು ಕಟ್ಟಿದೆ:

ನಿಲ್ಲಿಸಿದರೆ ಗಟ್ಟಿ, ನುಂಗಿದರೆ ನೀರು;
ನಡುವೆ ನಿಂತವಳ ಪಾಡು ಕೇಳುವವರು ಯಾರು?

ಅವರು ನಗಲಿಲ್ಲ. "ನಾನೇ ಕೇಳೋದು. ಅದಕ್ಕೇ ಸಂಬಳ ಕೊಡ್ತಾರೆ," ಅಂದರು. ಐದು ದಿನ ಮೊದಲಿಂದ ಮಾತ್ರೆ ಬಂದ್. ಬದಲಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. "ಒಂದೂ ತಪ್ಪೋ ಹಾಗಿಲ್ಲ. ಕವಾಟದ ಟಕ್ ಟಕ್ ಸದ್ದು ಮಂದ ಆಯ್ತು ಅನ್ಸಿದ್ರೆ ತಕ್ಷಣ ಬರ್ಬೇಕು. ಯೋಚ್ನೆ ಮಾಡ್ತಾ ಕೂರೋದಲ್ಲ."

ಚುಚ್ಚುವ ಕೆಲಸ ನಮ್ಮನೆಯವರದು. ಲಿಫ್ಟ್ ಮೆಕ್ಯಾನಿಕ್ ಕೈ, ನಡುಗುವುದಿಲ್ಲ. ಮೋಟಾರಿಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿಗೆ ಕಿವಿ ಕೊಟ್ಟು ಕೇಳುತ್ತಾರಲ್ಲ, ಹಾಗೇ ನನ್ನ ಎದೆಗೆ ಮರದ ಸೌಟು ಇಟ್ಟು ಕೇಳುತ್ತಾರೆ. "ಓಡ್ತಾ ಇದೆ, ಓಡ್ತಾ ಇದೆ. ಓವರ್‌ಲೋಡ್ ಮಾಡ್ಬೇಡ ಅಷ್ಟೇ." ಬೀರುವಿನ ಬಾಗಿಲಿಗೆ ಒಂದು ಕಾರ್ಡನ್ನೂ ಅಂಟಿಸಿದ್ದಾರೆ, ಲಿಫ್ಟಿನ ಸರ್ವಿಸ್ ಕಾರ್ಡಿನ ಹಾಗೇ. ದಿನಕ್ಕೆ ಎರಡು ಗೆರೆ.

ಇನ್ನು, ಬರೆಯಲೋ ಬೇಡವೋ ಅಂತ ಪೆನ್ನು ಕಚ್ಚಿದ ವಿಷಯ. ನಮ್ಮ ಲೈಬ್ರರಿಯಲ್ಲಿ ನನ್ನ ಕೌಂಟರಿನ ಎದುರು ಒಬ್ಬ ನಿವೃತ್ತ ಸರ್ವೇಯರ್ ಪೇಪರ್ ಓದುತ್ತಾರೆ. ಆರು ವರ್ಷದಿಂದ ಅದೇ ಕುರ್ಚಿ. ನಿನ್ನೆ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಬಿಸಿಲು ಧಗಧಗ ಅನ್ನುವಾಗ, ಪೇಪರ್ ಇಳಿಸಿ ಕೇಳಿದರು:

"ಏನಮ್ಮಾ, ಇನ್ನೊಂದು ಗಡಿಯಾರ ತಂದ್ರಾ?"

"ಇಲ್ಲ ಸಾರ್. ಒಂದನ್ನ ಸಾಕೋದೇ ಕಷ್ಟ ಆಗಿದೆ."

"ತಮಾಷೆಯಲ್ಲ. ನಿಮ್ಮದು ಟಕ್ ಟಕ್ ಅನ್ನೋದು ನಂಗೆ ಅಭ್ಯಾಸ. ಇದು ಅದರ ಸಂದೀಲಿ ಕೇಳ್ತಿದೆ. ಸಣ್ಣದು. ನಿಮ್ಮದರ ಎರಡರಷ್ಟು ಬೇಗ."

ಅವರು ಊಟಕ್ಕೆ ಎದ್ದುಹೋದ ಮೇಲೆ ನಾನು ಮೇಜಿನ ಹಲಗೆಗೆ ಕಿವಿಯಿಟ್ಟೆ. ಹೊಟ್ಟೆ ಮೇಜಿನ ಅಂಚಿಗೆ ಒತ್ತಿತ್ತು. ಕೇಳಿಸಿತು. ಹಿಂದೆ ಸರಿದು ಕೂತೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಹಕ್ಕಿ ಎಲ್ಲೋ ಮರಕ್ಕೆ ಕೊಕ್ಕು ಕುಟ್ಟಿದ ಹಾಗೆ, ಒಂದೇ ಸಮ, ಆತುರಾತುರ.

ಇವರಿಗೆ ಹೇಳಿಲ್ಲ. ಸುಸ್ತು, ಮಲಗುತ್ತೇನೆ. ನಾಳೆ ಮುಗಿಸುತ್ತೇನೆ.

೧೩ ಮಾರ್ಚ್, ಗುರುವಾರ

ನಾಳೆ ಅಂದದ್ದು ನಾಡಿದ್ದಾಯಿತು. ಇದನ್ನು ಆಸ್ಪತ್ರೆಯ ಹಾಸಿಗೆಯಿಂದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಬರೆಯುವಷ್ಟು ಇದ್ದೇನೆ.

ಬುಧವಾರ ಬೆಳಿಗ್ಗೆ ಇವರು ಚುಚ್ಚಿ ಕೆಲಸಕ್ಕೆ ಹೋದ ಮೇಲೆ ಡಬ್ಬಿ ನೋಡಿದೆ. ಒಂದು ಸಿರಿಂಜ್ ಹೆಚ್ಚಿತ್ತು. ಕಾರ್ಡಿನಲ್ಲಿ ಮಂಗಳವಾರಕ್ಕೆ ಎರಡೂ ಗೆರೆ ಇದ್ದವು. ನಿಂತಲ್ಲೇ ಅರ್ಥವಾಯಿತು. ಲಿಫ್ಟಿನವರ ಸರ್ವಿಸ್ ಕಾರ್ಡ್ ಕೆಳಗೆ ಬಾಗಿಲ ಹತ್ತಿರ ಇರುತ್ತದೆ, ಮಷೀನು ಮೇಲೆ ಮಾಳಿಗೆಯಲ್ಲಿ. ಇಳಿದು ಬಂದು ಬರೆಯುವ ಬದಲು, ಹತ್ತುವ ಮೊದಲೇ ಗೆರೆ ಹಾಕಿಬಿಡುತ್ತಾರೆ. ಮಂಗಳವಾರ ಬೆಳಿಗ್ಗೆಯೇ ಇವರು ಸಂಜೆಯ ಗೆರೆಯನ್ನೂ ಎಳೆದಿದ್ದರು. ಸಂಜೆ ಬಂದಾಗ ನಾನು ಮಲಗಿದ್ದೆ. ಗೆರೆ ತಮ್ಮದೇ ಅನ್ನುವುದನ್ನು ಮರೆತು, ಇವಳೇ ಚುಚ್ಚಿಕೊಂಡು ಮಲಗಿದ್ದಾಳೆ ಅಂದುಕೊಂಡು ಎಬ್ಬಿಸಲಿಲ್ಲ.

ತಕ್ಷಣ ಡಾಕ್ಟರಮ್ಮನಿಗೆ ಫೋನ್ ಮಾಡಬೇಕಿತ್ತು. ಅದರ ಬದಲು ಲೈಬ್ರರಿಗೆ ರಜೆ ಹೇಳಿ ಊಟದ ಮೇಜಿಗೆ ಹೊಟ್ಟೆ ಒತ್ತಿಕೊಂಡು ಕೂತೆ. ಕೆಳಗೆ ಬೀದಿಯಲ್ಲಿ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸುತ್ತಿದ್ದರು. ಅದು ದೂರ ಹೋದ ಮೇಲೆ ಕೇಳಿಸಿತು. ನನ್ನ ಟಕ್ ಟಕ್ ಬಟ್ಟೆ ಸುತ್ತಿದ ಹಾಗಿತ್ತು. ಆದರೆ ಇನ್ನೊಂದು, ಅಕ್ಕಾ, ಪಕ್ಕದ ಕೋಣೆಯಿಂದ ನಡುಮನೆಗೆ ಬಂದ ಹಾಗಿತ್ತು. ನಾನು ಮಂದವಾದಷ್ಟೂ ಅದು ಚುರುಕಾಗುತ್ತಿತ್ತು. ಅದರ ಓಟಕ್ಕೆ ಹೊಂದುವ ಹಾಗೆ ಏನೇನೋ ಪ್ರಾಸ ಹೇಳಿದೆ, ಅರ್ಥವಿಲ್ಲದ್ದು, ಚಿಕ್ಕಂದಿನಲ್ಲಿ ನೀನು ನನ್ನ ಜಡೆ ಹೆಣೆಯುವಾಗ ಹೇಳುತ್ತಿದ್ದೆನಲ್ಲ ಅಂಥದ್ದು. ನಾನು ಹೇಳುವಾಗ ಅದು ಸುಮ್ಮನಾಗುತ್ತಿತ್ತು. ನಿಲ್ಲಿಸಿದರೆ ಮತ್ತೆ ಶುರು, ಮುಂದಿನ ಸಾಲು ಎಲ್ಲಿ ಅನ್ನುವ ಹಾಗೆ. ಒಂಬತ್ತರಿಂದ ಒಂದೂವರೆಯವರೆಗೆ ಕೂತೆ. ಉಸಿರು ಕಟ್ಟುತ್ತಿರುವುದು ಗೊತ್ತಾಗುತ್ತಿತ್ತು. ಏಳಲು ಮನಸ್ಸು ಬರಲಿಲ್ಲ.

ಊಟಕ್ಕೆ ಬಂದ ಇವರು ಮುಖ ನೋಡಿದ್ದೇ ಸೌಟು ತಂದರು. "ಇದೇನೇ, ಒಳಗೆ ಹತ್ತಿ ತುರುಕಿದ ಹಾಗಿದೆ!" ಅಂದರು. ಮತ್ತೆ ಅದೇಕೋ ಸೌಟನ್ನು ಕೆಳಗಿಳಿಸಿ ಹೊಟ್ಟೆಗೆ ಇಟ್ಟರು. ಒಂದು ಗಳಿಗೆ ಕೇಳಿ, ಬಿಸಿ ತಗುಲಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಏನು ಕೇಳಿಸಿತು ಅಂತ ನಾನು ಕೇಳಲಿಲ್ಲ. ಸೀದಾ ಡಬ್ಬಿಯ ಹತ್ತಿರ ಹೋಗಿ ಎಣಿಸಿದರು.

"ಗೆರೆ ನಾನೇ ಹಾಕಿದ್ದು ಕಣೇ. ಹಾಳು ಚಾಳಿ. ನೀನು ನೋಡ್ಲಿಲ್ವಾ?"

"ಈಗ್ಲೇ ನೋಡ್ತಿರೋದು," ಅಂದೆ. ಎಷ್ಟು ಸಲೀಸಾಗಿ ಬಂತು ನೋಡು.

ಇಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಕವಾಟದ ಎರಡು ರೆಕ್ಕೆಗಳಲ್ಲಿ ಒಂದು ಸರಿಯಾಗಿ ತೆರೆದುಕೊಳ್ಳುತ್ತಿರಲಿಲ್ಲ. ಈಗಷ್ಟೇ ಕೂಡಿದ ಹೆಪ್ಪು, ಪುಣ್ಯಕ್ಕೆ ತೆಳ್ಳಗಿನದು. ಇಡೀ ರಾತ್ರಿ ಡ್ರಿಪ್ಪಿನಲ್ಲಿ ಔಷಧಿ ಬಿಟ್ಟರು. ಇವತ್ತು ಬೆಳಿಗ್ಗೆ ರೆಕ್ಕೆ ಸಲೀಸಾಗಿ ಆಡುತ್ತಿದೆಯಂತೆ. "ಇನ್ನೊಂದು ದಿನ ತಡ ಆಗಿದ್ರೆ ನಾನು ನಿಮ್ಮ ಪದ್ಯ ಕೇಳೋ ಹಾಗಿರ್ಲಿಲ್ಲ," ಅಂದರು ಡಾಕ್ಟರಮ್ಮ. ಆಪರೇಷನ್ ಸೋಮವಾರಕ್ಕೆ ಹೋಯಿತು. ಅಪಾಯ ಮೊದಲಿಗಿಂತ ಹೆಚ್ಚು, ಆದರೆ ರಕ್ತ ಹೋಗುತ್ತಿರುವ ರೀತಿ ನೋಡಿದರೆ ಕಾಯುವುದು ಇನ್ನೂ ಅಪಾಯವಂತೆ.

ನನ್ನ ಟಕ್ ಟಕ್ ಮೊದಲಿನ ಹಾಗೆ ಗಟ್ಟಿಯಾಗಿದೆ. ಪಕ್ಕದ ಹಾಸಿಗೆಯಾಕೆ, "ಅಮ್ಮಾ, ಆ ವಾಚನ್ನ ಸ್ವಲ್ಪ ಎತ್ತಿಡ್ತೀರಾ?" ಅಂತ ಕೇಳಿದರು. ಇನ್ನೊಂದು ಸದ್ದು ಇಲ್ಲ. ಕಬ್ಬಿಣದ ಮಂಚದ ಸರಳಿಗೆ, ಗೋಡೆಗೆ, ಊಟದ ಹಲಗೆಗೆ, ಎಲ್ಲದಕ್ಕೂ ಹೊಟ್ಟೆ ಒತ್ತಿ ನೋಡಿದೆ. ಇಲ್ಲ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ಓದಲಿ, ನಗಲಿ, ಮನೆ ತುಂಬ ಗಲಾಟೆ ಮಾಡಲಿ. ನಿನ್ನ ಪಾದಕ್ಕೆ ಇಲ್ಲಿಂದಲೇ ನಮಸ್ಕಾರ. ಸೋಮವಾರ ಹತ್ತು ಗಂಟೆಗೆ ನನ್ನನ್ನು ಸ್ವಲ್ಪ ನೆನೆಸಿಕೋ.

ನಿನ್ನ ತಂಗಿ,
ಪ್ರಾಸಮ್ಮ

ಮರೆತದ್ದು: ಮರೆತದ್ದಲ್ಲ. ಇದಕ್ಕೇ ಇಷ್ಟುದ್ದ ಬರೆದೆ.

ಹದಿನೇಳು ವರ್ಷದ ಹಿಂದೆ ನಾನು ಬಸುರಿಯಾಗಿದ್ದಾಗ, ಮಗುವಿಗೆ ಕೆಟ್ಟದ್ದು ಅಂತ ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದೆ. ಆಮೇಲೆ ಹೇಗೋ ಗೊತ್ತಾಗಿ ನೀನು ಬಂದೆ. "ಮಗು ಇನ್ನೊಂದು ಆಗುತ್ತೆ, ನೀನು ಇನ್ನೊಬ್ಬಳು ಆಗಲ್ಲ ಕಣೇ" ಅಂತ ಅಳುತ್ತಾ ನನ್ನ ಬಾಯಿಗೆ ಮಾತ್ರೆ ಹಾಕಿ ನೀರು ಕುಡಿಸಿದೆ. ಎರಡು ವಾರಕ್ಕೆ ಎಲ್ಲ ಮುಗಿಯಿತು. ನಾನು ಎಲ್ಲರ ಎದುರು ನಿನಗೆ ಹೇಳಿದೆ, "ನಿನ್ನ ಕೈಯಿಂದ್ಲೇ ಹೋಯ್ತು" ಅಂತ. ನೀನು ಚೀಲ ತೆಗೆದುಕೊಂಡು ಇಳಿದುಹೋದೆ.

ಅಕ್ಕಾ, ನೀನು ಬರುವುದಕ್ಕೆ ನಾಲ್ಕು ದಿನ ಮೊದಲೇ ನಾನು ಮಾತ್ರೆ ಮತ್ತೆ ಶುರು ಮಾಡಿದ್ದೆ. ಒಂದು ಬೆಳಿಗ್ಗೆ ಎದೆಯ ಸದ್ದು ಮಂದ ಅನ್ನಿಸಿತು, ಸಾಯಲು ಭಯವಾಯಿತು. ಯಾರೂ ಒತ್ತಾಯ ಮಾಡಲಿಲ್ಲ. ನಾನೇ ಡಬ್ಬಿ ತೆಗೆದೆ, ನಾನೇ ನುಂಗಿದೆ. ನೀನು ಬಾಯಿಗೆ ಹಾಕಿದ್ದು ಐದನೆಯದು. ಇಷ್ಟು ವರ್ಷ ಅದನ್ನು ನಿನ್ನ ತಲೆಯ ಮೇಲೆ ಇಟ್ಟು ಸುಮ್ಮನಿದ್ದೆ.

ಈಗ ನರ್ಸ್ ಬಂದು ಆಪರೇಷನ್ನಿನ ಫಾರಂ ತುಂಬಿಸಿಕೊಂಡಳು. ಹಿಂದೆ ಎಷ್ಟು ಸಲ ಬಸುರಿ ಅಂತ ಕೇಳಿದಳು. ನನಗೆ ನೋವಾಗದಿರಲಿ ಅಂತ ಇವರೇ "ಇಲ್ಲ ಸಿಸ್ಟರ್" ಅಂದರು. ನಾನು "ಒಂದು" ಅಂದೆ. ಏನಾಯಿತು ಅಂತ ಕೇಳಿದಳು. ಇವರ ಎದುರೇ ಹೇಳಿದೆ, ನಿನಗೆ ಮೇಲೆ ಬರೆದ ಹಾಗೇ, ಇವರಿಗೂ ಗೊತ್ತಿರದಿದ್ದ ಆ ನಾಲ್ಕು ದಿನವನ್ನೂ ಸೇರಿಸಿ.

ಇವರು ಕುರ್ಚಿಯಿಂದ ಎದ್ದು ಹೊರಗೆ ಹೋದರು. ಈ ಕಾಗದಕ್ಕೆ ಅಂಚೆಚೀಟಿ ತರಬೇಕಾದವರೂ ಅವರೇ. ಇನ್ನೂ ಬಂದಿಲ್ಲ.